24ನೇ ನಂಬರ್ ರಸ್ತೆಯ ಆಚೆ

ಕಾಡಿನಲ್ಲಿ ಏನೇನು ಮಾಡಬಹುದು ಅಂತ ಪಟ್ಟಿ ಕೊಡುವ ಬರಹಗಳಿಗೆ ಅವುಗಳದ್ದೇ ಒಂದು ವ್ಯಾಕರಣ ಇದೆ. ನಡೆಯಿರಿ, ಟೆಂಟ್ ಹಾಕಿ, ಮೀನು ಹಿಡಿಯಿರಿ, ಕಯಾಕ್ ನಡೆಸಿ, ಸೈಕಲ್ ತುಳಿಯಿರಿ, ಸೂರ್ಯೋದಯ ನೋಡಿ. ಎಲ್ಲವೂ ಕ್ರಿಯಾಪದ. ಅಷ್ಟೂ ಕ್ರಿಯಾಪದಗಳಿಗೆ ಕರ್ತೃ ಒಬ್ಬನೇ, ಓದುಗ. ಕಾಡು ಇಲ್ಲಿ ಕರ್ತೃ ಅಲ್ಲ, ಕರ್ಮವೂ ಅಲ್ಲ. ಅದು ಬರೀ ಸಪ್ತಮಿ ವಿಭಕ್ತಿ: ಕಾಡಿನಲ್ಲಿ. ಹೈಸ್ಕೂಲಿನ ಕನ್ನಡ ಮೇಷ್ಟ್ರು ಇದನ್ನ ಓದಿದ್ದರೆ "ಅಲ್ಲಿ ಬೇರೆ ಯಾರೂ ಇರಲಿಲ್ವೇನಯ್ಯಾ?" ಅಂತ ಕೇಳುತ್ತಿದ್ದರು.

ನಮ್ಮ ಕನ್ನಡದ ಚಾರಣ ಬರಹದಲ್ಲಿ ಪಟ್ಟಿ ಇರೋದಿಲ್ಲ, ಕಥೆ ಇರುತ್ತೆ. ಆದರೆ ಅದೂ ಒಂದೇ ಕಥೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್ಕಿನಿಂದ ಟಿಟಿ ಹೊರಡುತ್ತೆ. ಒಬ್ಬ ಲೇಟು. ಬೆಳಿಗ್ಗೆ ಯಾವುದೋ ಊರಿನ ಹೋಟೆಲಿನಲ್ಲಿ ಬನ್ಸು ತಿಂದು ಮೊದಲ ಏರು ಹತ್ತುವಾಗ ಒಬ್ಬನಿಗೆ ಸುಸ್ತು, ಅವನ ಮೇಲೆ ನಾಲ್ಕು ಜೋಕು. ಆಮೇಲೆ ಜಿಗಣೆ. ಆಮೇಲೆ ಮಂಜು. ತುದಿಯಲ್ಲಿ ಸ್ವರ್ಗ. ನಡುವೆ ಎಲ್ಲೋ "ಪ್ರಕೃತಿಯ ಮಡಿಲು", ಕೊನೆಯಲ್ಲಿ "ಮರೆಯಲಾಗದ ಅನುಭವ". ಭಾಷೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಕೆಲವರು ನಿಜಕ್ಕೂ ಚೆನ್ನಾಗಿ ಬರೀತಾರೆ. ಆದರೆ ಒಂದು ಸಣ್ಣ ಟೆಸ್ಟ್ ಮಾಡಿ ನೋಡಿ. ಕುದುರೆಮುಖದ ಮೇಲಿನ ಒಂದು ಬರಹ ತಗೊಂಡು "ಕುದುರೆಮುಖ" ಅಂತ ಇರುವ ಕಡೆಯಲ್ಲೆಲ್ಲ "ತಡಿಯಂಡಮೋಳ್" ಅಂತ ಹಾಕಿ. ಏನೂ ಮುರಿಯೋದಿಲ್ಲ. ಬಿಲ್ಡ್ ಪಾಸ್. ಯಾವ ಬೆಟ್ಟದ ಹೆಸರು ಹಾಕಿದರೂ ಓಡುವ ಬರಹ ಯಾವ ಬೆಟ್ಟದ ಬಗ್ಗೆಯೂ ಅಲ್ಲ ಅನ್ನೋದು ನನ್ನ ತಕರಾರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ಇನ್ನೊಂದು ಗೊಣಗಾಟ ಆಗುತ್ತೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಒಂದು ಕಾಡನ್ನೂ ಅದರ ಬಗ್ಗೆ ಜನ ಬರೆಯುವ ರೀತಿಯನ್ನೂ ಮುಂದಿಡುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಕ್ಷಿಣದಲ್ಲಿರುವ ಗಿಫರ್ಡ್ ಪಿಂಚೋ ನ್ಯಾಷನಲ್ ಫಾರೆಸ್ಟ್. ಸುಮಾರು 13 ಲಕ್ಷ ಎಕರೆ. ಆನ್‌ಸೈಟ್ ಅಂತ ನಾನು ಪೋರ್ಟ್‌ಲ್ಯಾಂಡ್ ಹತ್ತಿರ ಎರಡು ವರ್ಷ ಇದ್ದೆ. ಕೊಲಂಬಿಯಾ ನದಿ ದಾಟಿದರೆ ಈ ಕಾಡು ದೂರವಿಲ್ಲ. 1980ರ ಮೇ 18ರಂದು ಸಿಡಿದು 57 ಜನರ ಜೀವ ತೆಗೆದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಇರೋದು ಇದರಲ್ಲೇ. ಪೂರ್ವದ ಅಂಚಿನಲ್ಲಿ ಹಿಮ ಹೊದ್ದ ಆಡಮ್ಸ್ ಶಿಖರ.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ನಮ್ಮವರು ನ್ಯಾಷನಲ್ ಪಾರ್ಕ್, ನ್ಯಾಷನಲ್ ಫಾರೆಸ್ಟ್ ಎರಡನ್ನೂ ಒಂದೇ ಅಂದುಕೊಳ್ತಾರೆ. ಪಾರ್ಕು ಒಳಾಡಳಿತ ಇಲಾಖೆಯ ಕೈಯಲ್ಲಿದೆ, ಅದರ ಮುಖ್ಯ ಕೆಲಸ ಕಾಪಾಡುವುದು. ಫಾರೆಸ್ಟು ಇರೋದು ಕೃಷಿ ಇಲಾಖೆಯ ಕೆಳಗೆ. ಹೌದು, ಕೃಷಿ. ಅಂದರೆ ಮೂಲದಲ್ಲಿ ಅವರ ಕಣ್ಣಿಗೆ ಈ ಕಾಡು ಒಂದು ಬೆಳೆ. 1960ರ ಕಾನೂನು ಈ ಕಾಡುಗಳ ಐದು ಉಪಯೋಗಗಳನ್ನು ಹೆಸರಿಸುತ್ತೆ: ಹೊರಾಂಗಣ ವಿಹಾರ, ಮೇವು, ಮರಮಟ್ಟು, ನೀರು, ವನ್ಯಜೀವಿ ಮತ್ತು ಮೀನು. ಹೀಗಾಗಿ ಅಲ್ಲಿ ಪಾರ್ಕಿನಲ್ಲಿ ಕನಸಿನಲ್ಲೂ ಮಾಡಲಾಗದ ಕೆಲಸಗಳನ್ನ ಮಾಡಬಹುದು. ಕ್ಯಾಂಪ್‌ಗ್ರೌಂಡೇ ಬೇಕಂತಿಲ್ಲ, ಸಾಮಾನ್ಯವಾಗಿ ಕಾಡುರಸ್ತೆಯ ಪಕ್ಕ 14 ದಿನದವರೆಗೆ ಕಾಸು ಕೊಡದೆ ಟೆಂಟ್ ಹಾಕಬಹುದು. ಪರ್ಮಿಟ್ ತಗೊಂಡು ಸೌದೆ ಕಡಿಯಬಹುದು. ಡಿಸೆಂಬರಿನಲ್ಲಿ ಐದು ಡಾಲರಿನ ಚೀಟಿ ತಗೊಂಡು ಕ್ರಿಸ್‌ಮಸ್ ಮರ ಕಡಿದು ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದು. ನಿಯಮ ಪಾಲಿಸಿದರೆ ಬೇಟೆಯೂ ಉಂಟು. ನಮ್ಮೂರಿನ ಯಾರಿಗಾದರೂ ಇದನ್ನ ಹೇಳಿದರೆ "ಮತ್ತೆ ಅದು ಕಾಡು ಹ್ಯಾಗೆ?" ಅಂತಾರೆ.

ಆ ಕಾಡಿಗೂ ನಮ್ಮ ಕಾಡಿಗೂ ಒಂದು ಹಳೇ ನೆಂಟಸ್ತಿಕೆಯೂ ಇದೆ. ಗಿಫರ್ಡ್ ಪಿಂಚೋ 1905ರಲ್ಲಿ ಶುರುವಾದ ಅಮೆರಿಕದ ಫಾರೆಸ್ಟ್ ಸರ್ವಿಸ್‌ನ ಮೊದಲ ಮುಖ್ಯಸ್ಥ. ಅವನು ಗುರು ಅಂತ ಗೌರವಿಸಿದ್ದು ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್‌ನನ್ನ. ಈ ಬ್ರಾಂಡಿಸ್ ಯಾರು ಅಂದರೆ 1864ರಿಂದ ಬ್ರಿಟಿಷ್ ಇಂಡಿಯಾದ ಕಾಡುಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್. ಅವನ ಕಾಲದಲ್ಲೇ, 1878ರ ಕಾನೂನಿನಲ್ಲಿ, ನಮ್ಮಲ್ಲಿ ರಿಸರ್ವ್ ಫಾರೆಸ್ಟ್ ಅನ್ನೋದು ಗಟ್ಟಿಯಾಗಿ ಬೇರೂರಿದ್ದು. ಅಂದರೆ ನಮ್ಮ ಕಡೆಯ ಗಾರ್ಡೂ ಅಲ್ಲಿನ ರೇಂಜರೂ ಒಂದೇ ಮನೆತನದ ದಾಯಾದಿಗಳು. ಕಾಡನ್ನು ಲೆಕ್ಕ ಹಾಕಿ, ಗಡಿ ಕಲ್ಲು ನೆಟ್ಟು, ಯಾರು ಏನು ಮಾಡಬಹುದು ಅಂತ ಬರೆದಿಡುವ ಅಭ್ಯಾಸ ಇಬ್ಬರಿಗೂ ಒಂದೇ ಅಜ್ಜನಿಂದ ಬಂದದ್ದು.

ಈಗ ಬರಹದ ವಿಷಯಕ್ಕೆ ಬರ್ತೇನೆ. ಆ ರಾಜ್ಯದಲ್ಲಿ ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಇದೆ. 1966ರಲ್ಲಿ ಸೈನ್‌ಪೋಸ್ಟ್ ಎಂಬ ಪತ್ರಿಕೆಯಾಗಿ ಶುರುವಾದದ್ದು. ಅದರಲ್ಲಿ ನಡೆದು ಬಂದವರು ಟ್ರಿಪ್ ರಿಪೋರ್ಟ್ ಬರೀತಾರೆ. ಅಲ್ಲಿದ್ದ ಎರಡು ವರ್ಷ ನಾನು ಕಾದಂಬರಿಗಿಂತ ಹೆಚ್ಚಾಗಿ ಇದನ್ನೇ ಓದಿದ್ದೇನೆ. ಒಂದು ಸಾಮಾನ್ಯ ರಿಪೋರ್ಟಿನ ಹದ ಹೀಗಿರುತ್ತೆ: ಕೊನೆಯ ಎರಡು ಮೈಲಿ ರಸ್ತೆಯಲ್ಲಿ ಗುಂಡಿ, ಸಣ್ಣ ಕಾರಾದರೆ ನಿಧಾನ. ಪಾರ್ಕಿಂಗ್ ಒಂಬತ್ತಕ್ಕೇ ಭರ್ತಿ. ಶೌಚಾಲಯ ಇದೆ, ಪೇಪರ್ ಇಲ್ಲ. ದಾರಿಗೆ ಅಡ್ಡ ಮೂರು ಮರ ಬಿದ್ದಿವೆ, ದಾಟಬಹುದು. ಸೊಳ್ಳೆ ವಿಪರೀತ. ಮೇಲೆ ಇನ್ನೂ ಹಿಮ ಇದೆ, ಕೋಲು ಇರಲಿ. ನೋಟ ಚೆನ್ನಾಗಿದೆ. ಮುಗೀತು.

"ನೋಟ ಚೆನ್ನಾಗಿದೆ" ಅನ್ನೋ ಎರಡು ಪದಕ್ಕೆ ನಮ್ಮವರು ಎರಡು ಪುಟ ಬರೀತಾರೆ, ಮತ್ತು ಮೂರು ಮರ ಬಿದ್ದದ್ದನ್ನ ಬರೆಯೋದೇ ಇಲ್ಲ. ಟ್ರಿಪ್ ರಿಪೋರ್ಟ್ ಅನ್ನೋದು ಒಂದು ಒಳ್ಳೆ ಬಗ್ ರಿಪೋರ್ಟ್ ಇದ್ದ ಹಾಗೆ. ಬರೆದವನಿಗೆ ಅದರಿಂದ ಏನೂ ಸಿಗೋದಿಲ್ಲ, ಮುಂದಿನವನಿಗೆ ಎಲ್ಲ ಸಿಗುತ್ತೆ. ಅದೇ ಸಂಸ್ಥೆಯ ಸ್ವಯಂಸೇವಕರು ವಾರಾಂತ್ಯದಲ್ಲಿ ಗುದ್ದಲಿ ಹಿಡಿದು ದಾರಿ ರಿಪೇರಿಗೂ ಹೋಗ್ತಾರೆ. ವೈಲ್ಡರ್‌ನೆಸ್ ಅಂತ ಗುರುತಾದ ಭಾಗಗಳಲ್ಲಿ ಯಂತ್ರ ಬಳಸುವ ಹಾಗಿಲ್ಲ. ಬಿದ್ದ ಮರವನ್ನು ಇಬ್ಬರು ಎರಡು ಕಡೆ ಹಿಡಿದು ಎಳೆಯುವ ಉದ್ದದ ಗರಗಸದಲ್ಲೇ ಕೊಯ್ಯಬೇಕು. ನಮ್ಮಜ್ಜನ ಮನೆ ಅಟ್ಟದಲ್ಲಿ ತುಕ್ಕು ಹಿಡಿದು ಮಲಗಿದ್ದ ಅಂಥದ್ದೇ ಗರಗಸವನ್ನ ಡೇಟಾ ಸೈಂಟಿಸ್ಟ್ ಒಬ್ಬಳು ಖುಷಿಯಿಂದ ಎಳೆಯೋದನ್ನ ನೋಡಿದ್ದೇನೆ. ಇವರ ಗದ್ಯ ಒಣಗಿದೆ ನಿಜ, ಆದರೆ ಅದರ ಹಿಂದೆ ಬೆವರು ಇದೆ. ಸಾಹಿತ್ಯ ಅಂತ ನೋಡಿದರೂ ನನಗೆ "ಪ್ರಕೃತಿಯ ಮಡಿಲಿ"ಗಿಂತ ಇದೇ ಇಷ್ಟ.

ಹಾಗಂತ ಅವರು ಎಲ್ಲ ಬರೆದುಬಿಡ್ತಾರೆ ಅಂತ ಅಲ್ಲ. ಸೊಳ್ಳೆ, ಹಿಮ, ಪಾರ್ಕಿಂಗ್ ಎಲ್ಲ ಇರುವ ರಿಪೋರ್ಟಿನಲ್ಲೂ ಒಂದು ದೊಡ್ಡ ವಿಷಯ ಬಹಳ ಸಲ ಬಿಟ್ಟುಹೋಗಿರುತ್ತೆ. ಅದು ಗೊತ್ತಾಗೋದು ಹಕಲ್‌ಬೆರಿಯ ಹತ್ತಿರ.

ಹಕಲ್‌ಬೆರಿ ಅಂದರೆ ಮೊಣಕಾಲೆತ್ತರದಿಂದ ಎದೆಯೆತ್ತರದ ಪೊದೆಗಳಲ್ಲಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಸಿಗುವ ಕಪ್ಪು-ನೇರಳೆ ಬಣ್ಣದ ಸಣ್ಣ ಹಣ್ಣು. ನಮ್ಮ ಕವಳಿ ಹಣ್ಣಿನ ಹುಳಿಗೆ ನೇರಳೆಯ ಸಿಹಿ ಸೇರಿಸಿ, ಒಗರು ತೆಗೆದರೆ ಹತ್ತಿರ ಹತ್ತಿರ ಆ ರುಚಿ. ಪಟ್ಟಿ ಬರಹಗಳಲ್ಲಿ ಇದು ಕೆಳಗೆಲ್ಲೋ ಬರುತ್ತೆ, ಕುದುರೆ ಸವಾರಿಗೂ ಸ್ನೋಮೊಬೈಲಿಗೂ ನಡುವೆ: "ಮಕ್ಕಳ ಜೊತೆ ಹಣ್ಣು ಕೀಳುವ ಮಜಾ". ಮನೆಗೆ ತಿನ್ನೋದಕ್ಕೆ ಕೀಳುವವರಿಗೆ ಪರ್ಮಿಟ್ ಬಿಟ್ಟಿ. ದಿನಕ್ಕೆ ಒಂದು ಗ್ಯಾಲನ್, ವರ್ಷಕ್ಕೆ ಮೂರು. ಮಾರುವುದಕ್ಕೆ ಕೀಳೋದು ಬೇರೆ ಲೆಕ್ಕ, ಬೇರೆ ಕಾನೂನು.

ಈ ಕಾಡಿನ ಅತ್ಯಂತ ಹೆಸರಾದ ಹಣ್ಣಿನ ಬಯಲು ಸಾಟೂತ್ ಬೆರಿ ಫೀಲ್ಡ್ಸ್. ಅದರ ನಡುವೆ 24ನೇ ನಂಬರಿನ ಕಾಡುರಸ್ತೆ ಹಾದುಹೋಗುತ್ತೆ. ರಸ್ತೆಯ ಪಶ್ಚಿಮಕ್ಕೆ ಯಾರು ಬೇಕಾದರೂ ಕೀಳಬಹುದು. ಪೂರ್ವಕ್ಕಿರುವ ಭಾಗ ಮೂಲನಿವಾಸಿಗಳಿಗೆ ಮೀಸಲು, ಬೋರ್ಡ್ ಹಾಕಿದ್ದಾರೆ. ಹಣ್ಣು ಎರಡೂ ಕಡೆ ಅದೇ. ಪೊದೆ ಅದೇ. ನಡುವೆ ಇರೋದು ಒಂದು ಸಾದಾ ರಸ್ತೆ. ಆದರೆ ಇತ್ತ ಕಡೆ ನಡೆಯೋದರ ಹೆಸರು ರಿಕ್ರಿಯೇಷನ್, ಅತ್ತ ಕಡೆ ನಡೆಯೋದು ಹಾಗಲ್ಲ.

ಈ ರಸ್ತೆ ಗಡಿಯಾದ ಕಥೆ ದೊಡ್ಡದೇನಲ್ಲ. ಯಾಕಮಾ ಜನ 1855ರಲ್ಲಿ ಅಮೆರಿಕದ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ತಮ್ಮ ಬಹುಪಾಲು ನೆಲ ಬಿಟ್ಟುಕೊಟ್ಟರು. ಆದರೆ ಮೀನು ಹಿಡಿಯುವ, ಬೇಟೆಯಾಡುವ, ಗೆಡ್ಡೆ ಮತ್ತು ಹಣ್ಣು ಆಯುವ, ಕುದುರೆ ಮೇಯಿಸುವ ಹಕ್ಕನ್ನು ಉಳಿಸಿಕೊಂಡರು. ಆ ನೆಲ ಕೊನೆಗೆ ನ್ಯಾಷನಲ್ ಫಾರೆಸ್ಟ್ ಆಯಿತು. 1930ರ ಆಸುಪಾಸಿನ ಮಹಾ ಆರ್ಥಿಕ ಕುಸಿತದ ಕಾಲಕ್ಕೆ ಕೆಲಸ ಕಳೆದುಕೊಂಡ ಬಿಳಿಯರು ಸಾವಿರಗಟ್ಟಲೆ ಬಂದು ಈ ಬಯಲಿನಲ್ಲಿ ಬಿಡಾರ ಹೂಡಿ ಹಣ್ಣು ಕಿತ್ತು ಮಾರತೊಡಗಿದರು. ತಲೆತಲಾಂತರದಿಂದ ಬರುತ್ತಿದ್ದವರಿಗೆ ಜಾಗವೇ ಇಲ್ಲದ ಹಾಗಾಯಿತು. 1932ರಲ್ಲಿ ಯಾಕಮಾ ಮುಖಂಡ ವಿಲಿಯಂ ಯಾಲಪ್ ಮತ್ತು ಆ ಕಾಡಿನ ಸೂಪರ್‌ವೈಸರ್ ಬ್ರುಕಾರ್ಟ್ ಕೂತು ಮಾತಾಡಿ ಕೈ ಕುಲುಕಿದರು. ರಸ್ತೆಯ ಆಚೆ ನಿಮ್ಮದು ಅಂತ. ಅದಕ್ಕೆ ಹ್ಯಾಂಡ್‌ಶೇಕ್ ಅಗ್ರಿಮೆಂಟ್ ಅಂತಲೇ ಹೆಸರು. ಕೈ ಕುಲುಕಿ ಹಾಕಿದ ಆ ಗಡಿ ಇವತ್ತಿಗೂ ನಡೀತಿದೆ. ನಮ್ಮಲ್ಲಿ ಸಹಿ, ಸೀಲು, ಗೆಜೆಟ್ ಎಲ್ಲ ಇದ್ದ ಗಡಿಗಳ ಗತಿ ನಿಮಗೆ ಗೊತ್ತೇ ಇದೆ.

ಇದನ್ನ ಓದಿ "ಆಹಾ, ಎಂಥಾ ನ್ಯಾಯವಂತರು" ಅಂತ ಹೊಗಳೋದಕ್ಕೆ ಹೊರಡಬೇಡಿ. ಬಯಲು ಬಯಲಾಗಿ ಉಳಿದಿದ್ದೇ ಮೂಲನಿವಾಸಿಗಳು ಹಣ್ಣಿನ ಕಾಲ ಮುಗಿದ ಮೇಲೆ ಕ್ರಮವಾಗಿ ಬೆಂಕಿ ಹಾಕುತ್ತಿದ್ದರಿಂದ. ಬೆಂಕಿ ಇಲ್ಲದಿದ್ದರೆ ಫರ್ ಮರಗಳು ಎದ್ದು ನೆರಳು ಕವಿದು ಪೊದೆಗಳಲ್ಲಿ ಹಣ್ಣು ಕಮ್ಮಿಯಾಗುತ್ತೆ. 1910ರ ಮಹಾ ಕಾಳ್ಗಿಚ್ಚಿನ ನಂತರ ಫಾರೆಸ್ಟ್ ಸರ್ವಿಸ್‌ಗೆ ಬೆಂಕಿ ಅಂದರೆ ಶತ್ರು. 1935ರಲ್ಲಿ, ಯಾವುದೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತರೊಳಗೆ ಹತೋಟಿಗೆ ತರಬೇಕು ಅಂತ ನೀತಿಯನ್ನೇ ಮಾಡಿದರು. ಅಂದರೆ ಒಂದು ಕೈಯಲ್ಲಿ ಹಣ್ಣಿನ ಹಕ್ಕು ಕೊಟ್ಟು, ಇನ್ನೊಂದು ಕೈಯಲ್ಲಿ ಹಣ್ಣು ಬರುವ ದಾರಿಯನ್ನೇ ಮುಚ್ಚಿದರು. ಈಗ ಕೆಲವು ಕಡೆ ಮರ ತೆಗೆದು ಬಯಲನ್ನ ಮತ್ತೆ ತೆರೆಯುವ ಪ್ರಯತ್ನ ನಡೆದಿದೆ. "ಮಕ್ಕಳ ಜೊತೆ ಹಣ್ಣು ಕೀಳುವ ಮಜಾ" ಅನ್ನುವ ಸಾಲಿನ ಹಿಂದೆ ಇಷ್ಟು ಇದೆ. ಪಟ್ಟಿ ಬರೆದವನು ಸುಳ್ಳು ಹೇಳಿಲ್ಲ, ಮಜಾ ನಿಜವೇ. ಆದರೆ ಕರ್ತೃ ಒಬ್ಬನೇ ಇರುವ ವಾಕ್ಯದಲ್ಲಿ ಈ ಯಾವುದೂ ಹಿಡಿಸೋದಿಲ್ಲ.

ಅಲ್ಲೇ ಪಕ್ಕದಲ್ಲಿ ಇಂಡಿಯನ್ ಹೆವನ್ ಅಂತ ಸುಮಾರು 20 ಸಾವಿರ ಎಕರೆಯ ವೈಲ್ಡರ್‌ನೆಸ್ ಇದೆ. 1984ರಲ್ಲಿ ಗುರುತಾದದ್ದು. ತುಂಬಾ ಸಣ್ಣಪುಟ್ಟ ಕೆರೆಗಳು, ಹುಲ್ಲುಗಾವಲು. ದಾರಿ ಶುರುವಾಗುವ ಕಡೆ ಪೆಟ್ಟಿಗೆಯಲ್ಲಿ ಚೀಟಿ ಇರುತ್ತೆ, ನಾವೇ ತುಂಬಿ ಒಳಗೆ ಹೋಗಬೇಕು. ಗುಂಪಿನಲ್ಲಿ 12ಕ್ಕಿಂತ ಹೆಚ್ಚು ಇರುವ ಹಾಗಿಲ್ಲ, ಕುದುರೆಗಳನ್ನೂ ಸೇರಿಸಿ. ಅದರ ದಕ್ಷಿಣದ ಒಂದು ಹುಲ್ಲುಗಾವಲಿಗೆ ಇಂಡಿಯನ್ ರೇಸ್‌ಟ್ರ್ಯಾಕ್ ಅಂತ ಹೆಸರು. ಬೇಸಿಗೆಯ ಕೊನೆಗೆ ಹಣ್ಣಿಗೆ, ಮೀನಿಗೆ ಅಂತ ಸೇರುತ್ತಿದ್ದ ಬೇರೆ ಬೇರೆ ಬುಡಕಟ್ಟುಗಳವರು ಅಲ್ಲಿ ಕುದುರೆ ಓಡಿಸುತ್ತಿದ್ದರು. ಓಟದ ತಗ್ಗು ಇನ್ನೂ ಕಾಣುತ್ತೆ. ನನಗೆ ಆ ಕಾಡಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು. ಯಾಕಂದರೆ ಮೂಲನಿವಾಸಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರನ್ನ ಸದಾ ಗಂಭೀರವಾಗಿ, ಸದಾ ಪೂಜೆಯಲ್ಲಿ ಇಡ್ತಾರೆ. ಇಲ್ಲಿ ಅವರು ರೇಸ್ ಆಡುತ್ತಿದ್ದರು ಮಾರಾಯ್ರೆ, ಮಜಾ ಮಾಡುತ್ತಿದ್ದರು! ಕಾಡಿನಲ್ಲಿ ಹೊಟ್ಟೆಪಾಡೂ ಆಟವೂ ಬೇರೆ ಬೇರೆ ದಿನದ ಕೆಲಸ ಆಗಿರಲಿಲ್ಲ. ಹಣ್ಣು ಕಿತ್ತ ಕೈಯಲ್ಲೇ ಲಗಾಮು.

ನಾನು ಹುಟ್ಟಿದ್ದು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಹಳ್ಳಿ. ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ ಇರುತ್ತೆ. ಕಾಡು ಸರ್ಕಾರದ್ದು, ಸೊಪ್ಪು-ದರಕಿನ ಹಕ್ಕು ತೋಟದವನದ್ದು. ಅಮ್ಮ ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕೋದಕ್ಕೆ ಹೋಗುತ್ತಿದ್ದಳು, ಜೊತೆಗೆ ನಾಲ್ಕು ಮನೆಯ ಹೆಂಗಸರು. ಕಂಬಳಿಕೊಪ್ಪೆ, ಬುಟ್ಟಿ, ಜಿಗಣೆಗೆ ಸುಣ್ಣ-ತಂಬಾಕು. ಸಿಪ್ಪೆಯನ್ನ ಹೊಗೆಯ ಮೇಲೆ ಒಣಗಿಸಿ ಮಾರಿದರೆ ನನ್ನ ಸ್ಕೂಲ್ ಫೀಸಿಗೆ ಆಗುತ್ತಿತ್ತು. ತೊಂಬತ್ತರ ದಶಕದಲ್ಲಿ ಅದಕ್ಕೆ ಏಕಾಏಕಿ ರೇಟು ಬಂತು. ಯಾಕೆ ಅಂತ ಆಗ ನಮಗೆ ಗೊತ್ತಿರಲಿಲ್ಲ. ಅಮೆರಿಕದವರ ಬೊಜ್ಜು ಇಳಿಸುವ ಮಾತ್ರೆಗೆ ಅದರ ಸಾರ ಹೋಗುತ್ತಿತ್ತಂತೆ. 1998ರಲ್ಲಿ ಅಲ್ಲಿನ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗ, ಅದನ್ನ ತಿಂದವರ ತೂಕ ತಿನ್ನದವರಿಗಿಂತ ಹೆಚ್ಚೇನೂ ಇಳಿದಿಲ್ಲ ಅಂತ ಹೇಳಿತು. ಅವರ ತೂಕ ಇಳಿಯದಿದ್ದರೂ ನಮ್ಮ ಸಾಲ ಸ್ವಲ್ಪ ಇಳಿದಿತ್ತು.

ಆ ಹೆಂಗಸರು ಕಾಡಿನಲ್ಲಿ ನಗುತ್ತಿದ್ದರು. ಊರಿನಲ್ಲಿ ಅತ್ತೆ-ಮಾವನ ಎದುರು ಆಡಲಾಗದ ಮಾತೆಲ್ಲ ಅಲ್ಲಿ ಆಡುತ್ತಿದ್ದರು. ಹಾಡು ಹೇಳುತ್ತಿದ್ದರು. ಹಳ್ಳದ ದಂಡೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಇವತ್ತು ಬೆಂಗಳೂರಿನಿಂದ ತಂಡವೊಂದು ಅದೇ ಹಳ್ಳದ ದಂಡೆಯಲ್ಲಿ ಕೂತು ಅವಲಕ್ಕಿ ತಿಂದರೆ ಅದಕ್ಕೆ ಫಾರೆಸ್ಟ್ ಬಾತಿಂಗ್ ಮತ್ತು ಲೋಕಲ್ ಬ್ರೇಕ್‌ಫಾಸ್ಟ್ ಅಂತ ಹೆಸರು, ತಲೆಗೆ ಇಷ್ಟು ಸಾವಿರ. ಅಮ್ಮನ ದಿನವನ್ನ ಯಾರೂ ವಿಹಾರ ಅಂತ ಕರೆಯಲಿಲ್ಲ. ಗಾರ್ಡು ಎದುರಾದರೆ ಅದು ವಿಚಾರಣೆಗೆ ಬರುವ ವಿಷಯ ಆಗಿತ್ತು. ಒಂದೇ ಕೆಲಸ ವಿಹಾರವೋ ಅತಿಕ್ರಮವೋ ಅಂತ ತೀರ್ಮಾನ ಆಗೋದು ಮಾಡುವವರ ಕಾಲಲ್ಲಿ ಯಾವ ಚಪ್ಪಲಿ ಇದೆ ಅನ್ನೋದರ ಮೇಲೆ.

ನಮ್ಮ ಚಾರಣ ಸಾಹಿತ್ಯದ ಮೇಲಿನ ನನ್ನ ನಿಜವಾದ ಸಿಟ್ಟು ಇಲ್ಲಿದೆ. ಅದರಲ್ಲಿ ಸ್ಥಳೀಯರು ಬರೋದೇ ಇಲ್ಲ ಅಂತಲ್ಲ. ಬರ್ತಾರೆ, ಎರಡು ಪಾತ್ರದಲ್ಲಿ. ದಾರಿಯಲ್ಲಿ ಊಟ ಹಾಕುವ "ಮುಗ್ಧ" ಮನೆಯವರು, ಮತ್ತು ದಾರಿ ತೋರಿಸುವ "ಬರಿಗಾಲಿನ" ಗೈಡು. ಅವರಿಗೆ ಆ ಕಾಡು ಏನು, ಯಾವ ತಿಂಗಳು ಯಾವುದಕ್ಕೆ ಹೋಗ್ತಾರೆ, ಈಗ ಯಾವುದಕ್ಕೆ ಹೋಗುವ ಹಾಗಿಲ್ಲ, ಅವರ ಜಮೀನಿನ ಹಕ್ಕುಪತ್ರದ ಕಥೆ ಏನಾಯ್ತು, ಇದನ್ನೆಲ್ಲ ಕೇಳಿದ ಒಂದು ಚಾರಣ ಬರಹ ತೋರಿಸಿ, ನಾನೇ ಕಾಫಿ ಕೊಡಿಸ್ತೇನೆ. ಬಿಳಿಗಿರಿರಂಗನ ಬೆಟ್ಟದ ಬಗ್ಗೆ ಎಷ್ಟೊಂದು ಪ್ರವಾಸ ಬರಹ ಬಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ 2011ರಲ್ಲಿ ಅಲ್ಲಿನ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿತು, ಜೇನು, ನೆಲ್ಲಿ ತೆಗೆಯೋದಕ್ಕೆ. ದೇಶದಲ್ಲೇ ದೊಡ್ಡ ಸುದ್ದಿ ಅದು. ನಾನು ಓದಿದ ಬರಹಗಳಲ್ಲಿ ಆನೆ ಕಂಡಿತು, ಕಾಟಿ ಕಂಡಿತು, ಇದು ಕಾಣಲಿಲ್ಲ.

2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಜನ ಜಾತ್ರೆಯ ಹಾಗೆ ಮುಗಿಬಿದ್ದ ವಿಡಿಯೋ ನೀವೂ ನೋಡಿರ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನ ಕೆಲ ಕಾಲ ನಿಲ್ಲಿಸಿ, ಆಮೇಲೆ ಬುಕಿಂಗ್ ವ್ಯವಸ್ಥೆಯನ್ನ ವಿಸ್ತರಿಸಿತು. ಒಳ್ಳೆಯದೇ. ಆ ಜಾತ್ರೆಯನ್ನ ಕರೆದದ್ದು ಯಾರು ಅಂತ ಕೇಳಿದರೆ ನಾವೆಲ್ಲ ರೀಲ್ಸ್ ಕಡೆ ಬೆರಳು ತೋರಿಸ್ತೇವೆ. ರೀಲ್ಸ್‌ಗೂ ಮೊದಲು ಹತ್ತು ವರ್ಷ "ಸ್ವರ್ಗ ಸ್ವರ್ಗ" ಅಂತ ಬರೆದವರು ಯಾರು? ಸ್ವರ್ಗ ಅಂತ ಅಡ್ರೆಸ್ ಸಮೇತ ಹೇಳಿದರೆ ಜನ ಬರದೆ ಇರ್ತಾರಾ? ಬೋರ್ಡಿನಲ್ಲಿ 12 ಜನ ಅಂತ ಬರೆದಿರುವ ಕಾಡಿಗೆ ಹೋಗುವವನು ಮನೆಯಲ್ಲೇ ತಲೆ ಎಣಿಸ್ತಾನೆ. ಸ್ವರ್ಗಕ್ಕೆ ಹೋಗುವವನು ಎಣಿಸೋದಿಲ್ಲ. ಇನ್ನು ಬುಕಿಂಗ್ ಸೈಟು ತಲೆ ಎಣಿಸಬಲ್ಲದು, ಆದರೆ ರಸ್ತೆಯ ಆಚೆ ಯಾರದ್ದು ಅಂತ ಅದು ಹೇಳೋದಿಲ್ಲ. ಅದನ್ನ ಬರೆಯುವವರೇ ಹೇಳಬೇಕು.

ಬೇರೆಯವರ ಬರಹಕ್ಕೆ ಇಷ್ಟೆಲ್ಲ ಅಂದ ಮೇಲೆ ನಾನು ಹೇಗೆ ಬರೀತೀನಿ ಅಂತ ನೀವು ಕೇಳೋದು ನ್ಯಾಯ. ಆಗಸ್ಟ್ ಕೊನೆಯ ಒಂದು ಶನಿವಾರ ಹೋಗಿ ಬಂದದ್ದರ ರಿಪೋರ್ಟ್ ಇದು:

ಪೋರ್ಟ್‌ಲ್ಯಾಂಡಿನಿಂದ ಎರಡು ತಾಸಿಗಿಂತ ಹೆಚ್ಚು. ಟ್ರೌಟ್ ಲೇಕ್ ಊರಿನಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳಿ, ಆಮೇಲೆ ಏನೂ ಇಲ್ಲ. ಫೋನ್ ಸಿಗ್ನಲ್ ಇಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಕೊನೆಗೆ ಮಣ್ಣುರಸ್ತೆ, ಧೂಳು. ಸೊಳ್ಳೆ ಇರಲಿಲ್ಲ, ಜುಲೈನಲ್ಲಿ ಹೋದವರ ಪಾಡು ಬೇರೆ. ಹಣ್ಣು ಚೆನ್ನಾಗಿದೆ, ಬಿಸಿಲು ಬೀಳುವ ಕಡೆ ಹೆಚ್ಚು. ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡರೆ ಎರಡೂ ಕೈ ಖಾಲಿ ಇರುತ್ತೆ. ಇಬ್ಬರು ಮೂರು ತಾಸು ಕಿತ್ತರೂ ಗ್ಯಾಲನ್ ತುಂಬಲಿಲ್ಲ, ಅರ್ಧ ಬಾಯಿಗೆ ಹೋಯಿತು. ಕರಡಿ ಹೆಜ್ಜೆ ಕಂಡಿತು, ಕರಡಿ ಕಾಣಲಿಲ್ಲ. ರಸ್ತೆಯ ಪೂರ್ವಕ್ಕೆ ಎರಡು ಹಳೇ ವ್ಯಾನ್ ನಿಂತಿದ್ದವು, ಒಬ್ಬ ಅಜ್ಜಿ ಮಡಿಸುವ ಕುರ್ಚಿಯಲ್ಲಿ ಕೂತು ಹಣ್ಣಿನಿಂದ ಎಲೆ ಆರಿಸುತ್ತಿದ್ದರು, ಮಕ್ಕಳು ಪೊದೆಗಳಲ್ಲಿ ಕೂಗಾಡುತ್ತಿದ್ದರು. ನಾವು ಪಶ್ಚಿಮಕ್ಕೇ ಕಾರ್ ನಿಲ್ಲಿಸಿದೆವು. ಆ ಕಡೆ ಹಣ್ಣು ಇನ್ನೂ ದೊಡ್ಡದಿತ್ತು ಅಂತ ನನ್ನ ಜೊತೆ ಬಂದವನ ಅಂದಾಜು.